ಕಡಲು ದಾಟಿ ಬಂದ ಭೇಷ್

ನಮ್ಮೂರಿನಲ್ಲಿ ಒಬ್ಬರು ಆಡಿದ ಮಾತು ಇನ್ನೊಬ್ಬರ ಕಿವಿಗೆ ಮುಟ್ಟಲು ಕಾಲು ಗಂಟೆ ಬೇಕು. ಮೋಡವಿದ್ದ ದಿನ ಒಂದೆರಡು ನಿಮಿಷ ಹೆಚ್ಚು, ಒಣಬಿಸಿಲಿನ ದಿನ ಒಂದೆರಡು ನಿಮಿಷ ಕಡಿಮೆ. ನಾಯಿ ಬೊಗಳಿದ್ದು, ಗುಡುಗಿದ್ದು, ಕುಕ್ಕರ್ ಕೂಗಿದ್ದು ಎಲ್ಲ ಆಗಿಂದಾಗಲೇ ಕೇಳುತ್ತದೆ. ಮನುಷ್ಯರು ಮಾಡಿದ ಸದ್ದಿಗೆ ಮಾತ್ರ ಈ ನಿಯಮ. ಕೇಳಬೇಕಾದವರು ಆ ಹೊತ್ತಿಗೆ ಸಂತೆಯಲ್ಲಿರಲಿ, ಬಚ್ಚಲಿನಲ್ಲಿರಲಿ, ಮಾತು ಅವರನ್ನು ಹುಡುಕಿಕೊಂಡು ಹೋಗುತ್ತದೆ. ಯಾಕೆ ಹೀಗೆ ಎಂದು ಪರಊರಿನವರು ಕೇಳುತ್ತಾರೆ. ಅವರ ಪ್ರಶ್ನೆ ನಮಗೆ ಮುಟ್ಟುವಷ್ಟರಲ್ಲಿ ಅವರ ಬಸ್ಸು ಹೊರಟಿರುತ್ತದೆ, ಹಾಗಾಗಿ ಉತ್ತರ ಹೇಳುವ ತೊಂದರೆ ನಮಗಿಲ್ಲ.

ಇದರಿಂದ ಬದುಕೇನೂ ನಿಂತಿಲ್ಲ. ಅತ್ತೆ ಸೊಸೆಯನ್ನು ಬೈದರೆ ಆ ಬೈಗುಳ ಮುಟ್ಟುವ ಹೊತ್ತಿಗೆ ಇಬ್ಬರೂ ಕೂಡಿ ರೊಟ್ಟಿ ಬಡಿಯುತ್ತಿರುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ; ನಮ್ಮಲ್ಲಿ ಮಾತು ಆಡಿದ ಮೇಲೂ ಕಾಲು ಗಂಟೆ ಪುರಸೊತ್ತಿರುತ್ತದೆ, ಜಾಣರಾದವರು ಅಷ್ಟರೊಳಗೆ ಒಂದು ಹಿಡಿ ಹುರಿದ ಶೇಂಗಾ ಹಿಡಿದುಕೊಂಡು ಎದುರು ಬಂದು ನಿಲ್ಲುತ್ತಾರೆ. ಹಾವು, ಬೆಂಕಿ ಇಂಥ ಅವಸರಕ್ಕೆ ಪ್ರತಿ ಮನೆಯ ಬಾಗಿಲಲ್ಲೂ ಒಂದು ಪಾಟಿ, ಒಂದು ತುಂಡು ಬಳಪ ಇರುತ್ತವೆ. ಉಳಿದ ಮಾತನ್ನು ಬರೆದು ತೋರಿಸುವುದು ಒರಟುತನ. ಅದಕ್ಕಿಂತ ದೊಡ್ಡ ಒರಟುತನ ಒಂದಿದೆ: ಯಾರನ್ನಾದರೂ ಏನಾದರೂ ಕೇಳಿ, ಉತ್ತರಕ್ಕಾಗಿ ಅವರ ಮುಖ ನೋಡುತ್ತ ಕೂರುವುದು. ಕೇಳಿದವರು ಎದ್ದು ಹೋಗಬೇಕು, ಚಹಾ ಕುಡಿದು ಅರ್ಧ ಗಂಟೆಗೆ ಮರಳಬೇಕು. ಈ ಕಥೆಯಲ್ಲಿ ನಾನು ಮಾತುಗಳನ್ನು ಒಂದರ ಕೆಳಗೊಂದು ಬರೆದಿದ್ದೇನೆ. ನಡುವಿನ ಕಾಲು ಗಂಟೆಯನ್ನು ನೀವೇ ಸೇರಿಸಿಕೊಳ್ಳಿ.

ನಾನು ಫಕೀರಪ್ಪ. ಇಲ್ಲಿಯ ಕಾಲೇಜಿನ ಸಂಗೀತ ವಿಭಾಗದಲ್ಲಿ ತಬಲಾ ಮಾಸ್ತರ. ಗಾಯನ ಕಲಿಸುವವರು ತುಂಗಾಬಾಯಿ. ಇಪ್ಪತ್ತನಾಲ್ಕು ವರ್ಷಗಳಿಂದ ಅವರು ಹಾಡುತ್ತಾರೆ, ನಾನು ಬಾರಿಸುತ್ತೇನೆ. ಒಬ್ಬರದು ಒಬ್ಬರಿಗೆ ಕೇಳದೆ ಅದು ಹೇಗೆ ಎನ್ನಬೇಡಿ. ಅವರು ತೊಡೆಯ ಮೇಲೆ ತಾಳ ಹಾಕುವ ಬೆರಳನ್ನು ನೋಡಿಕೊಂಡು ನಾನು ಬಾರಿಸುತ್ತೇನೆ. ಕಿವಿಯಲ್ಲಿ ಕಾಲು ಗಂಟೆ ಹಿಂದಿನ ಹಾಡು, ಕೈಯಲ್ಲಿ ಈಗಿನ ತಾಳ. ಎರಡನ್ನೂ ಬೆರೆಸದೆ ಕೂರುವುದೇ ನಮ್ಮೂರ ಕಲಾವಿದರ ದೊಡ್ಡ ಸಾಧನೆ. ಕೇಳುವವರಿಗೆ ಎಲ್ಲ ಒಟ್ಟಿಗೇ ಮುಟ್ಟುವುದರಿಂದ ಅವರಿಗೇನೂ ನಷ್ಟವಿಲ್ಲ. ಚಪ್ಪಾಳೆ ಮಾತ್ರ ನಾನು ಮನೆಯಲ್ಲಿ ಕಾಲು ತೊಳೆಯುವಾಗ ಬರುತ್ತದೆ.

ನನಗೊಂದು ಕೊರಗಿತ್ತು. ತುಂಗಾಬಾಯಿ ಹಾಡಿನ ನಡುವೆ ಆಗಾಗ ಒಂದು "ಭೇಷ್" ಅನ್ನುತ್ತಾರೆ. ಅದು ನನಗೆ ಎಂಬುದು ಖಚಿತ, ಯಾಕೆಂದರೆ ವೇದಿಕೆಯ ಮೇಲೆ ಬೇರೆ ಯಾರೂ ಇರುವುದಿಲ್ಲ. ಆದರೆ ನನ್ನ ಪೆಟ್ಟು ಅವರಿಗೆ ಮುಟ್ಟಲು ಕಾಲು ಗಂಟೆ, ಅವರ ಭೇಷ್ ನನಗೆ ಮುಟ್ಟಲು ಇನ್ನೊಂದು ಕಾಲು ಗಂಟೆ, ಮೇಲೆ ಮೋಡ ಬಿಸಿಲಿನ ಹೆಚ್ಚುಕಡಿಮೆ ಬೇರೆ. ಯಾವ ಪೆಟ್ಟಿಗೆ ಆ ಭೇಷ್ ಎಂಬುದು ಇಪ್ಪತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ತಿಳಿಯಲಿಲ್ಲ. ಒಮ್ಮೆ ನಾಚಿಕೆ ಬಿಟ್ಟು ಕೇಳಿದ್ದೆ. "ಹಾಡೂವಾಗ ಬಾಯಿಗೆ ಬಂದಿರ್ತದ ಫಕೀರಪ್ಪ, ಯಾವುದಕ್ಕ ಅಂದೆ ಅಂತ ಯಾರಿಗೆ ನೆನಪ ಇರ್ತದ" ಎಂದಿದ್ದರು. ಸರಿ, ಕಷ್ಟದ ಪೆಟ್ಟಿಗೇ ಇರಬೇಕು ಎಂದು ನಾನು ವರ್ಷದಿಂದ ವರ್ಷಕ್ಕೆ ಕಷ್ಟದ ಪೆಟ್ಟುಗಳನ್ನು ಹೆಚ್ಚಿಸುತ್ತ ಬಂದೆ. ಈ ತಿಂಗಳ ಕೊನೆಗೆ ಅವರು ನಿವೃತ್ತರಾಗಿ ಪಕ್ಕದ ತಾಲೂಕಿನ ತಂಗಿಯ ಮನೆಗೆ ಹೋಗುವವರಿದ್ದರು. ಅಷ್ಟರೊಳಗೆ ಒಂದೇ ಒಂದು ಸಲ ಆ ಭೇಷ್ ಬಿಸಿಬಿಸಿಯಾಗಿ ನನ್ನ ಕಿವಿಗೆ ಬೀಳಬೇಕೆಂಬುದು ನನ್ನ ಆಸೆ. ಹೆಂಡತಿಗೆ ಹೇಳಿದರೆ, "ಐವತ್ತೆಂಟು ವರ್ಷಕ್ಕ ಎಂಥಾ ಆಸೆರೀ ನಿಮ್ಮದು" ಎಂದಳು. ಅದು ಮುಟ್ಟುವಷ್ಟರಲ್ಲಿ ನಾನು ಅಲ್ಲಿರಲಿಲ್ಲ.

ಫಿಲೋಮಿನಾ ಮೇಡಂ ಬಂದದ್ದು ಕಳೆದ ವರ್ಷ. ಕರಾವಳಿಯವರು, ಇಂಜಿನಿಯರು. ಏಳು ದೇಶಗಳ ವಿಶ್ವವಿದ್ಯಾಲಯಗಳು ಕೂಡಿ ಕಡಲ ತಳದಲ್ಲಿ ಕೂದಲಿನಷ್ಟು ತೆಳುವಾದ ಗಾಜಿನ ಎಳೆ ಹಾಸುತ್ತಿವೆ, ಅದು ದಡಕ್ಕೆ ಬಂದು, ಘಟ್ಟ ಹತ್ತಿ, ನಮ್ಮ ಗುಡ್ಡದ ಹಿಂದಿನಿಂದ ಹಾದುಹೋಗುತ್ತದೆ, ಪಾಠ ಮತ್ತು ಸಂಶೋಧನೆಗೆ ಮಾತ್ರ ಮೀಸಲು ಎಂದು ಪ್ರಿನ್ಸಿಪಾಲ್ ಮುರಗೋಡ ಸಾಹೇಬರು ಸಭೆಯಲ್ಲಿ ತಿಳಿಸಿದರು. ಇಲ್ಲಿಯ ಹುಡುಗಿ ಆ ಕಡೆಯ ದುರ್ಬೀನಿನಲ್ಲಿ ಇಲ್ಲಿಂದಲೇ ನಕ್ಷತ್ರ ನೋಡಬಹುದು, ನಮ್ಮ ಮಣ್ಣಿನ ಪರೀಕ್ಷೆಯನ್ನು ಅವರ ದೊಡ್ಡ ಯಂತ್ರಕ್ಕೆ ಕ್ಷಣದಲ್ಲಿ ಕಳಿಸಬಹುದು. ಗುಡ್ಡದಿಂದ ಒಂದೇ ಕವಲು ಒಡೆಯುತ್ತದೆ, ಒಂದೇ ಕಾಲೇಜಿಗೆ. ಪಟ್ಟಿಯಲ್ಲಿ ನಮ್ಮ ಹೆಸರು ಮೊದಲು. ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಪಟ್ಟಿಯ ಎರಡನೆಯ ಊರಿಗೆ.

ಅಗೆತ ಶುರುವಾದಾಗಲೇ ಮೇಡಂಗೆ ನಮ್ಮೂರು ಏನೆಂದು ಗೊತ್ತಾಯಿತು. ಕಾಲೇಜಿನ ಗೋಡೆಯ ಹತ್ತಿರ "ಸಾಕು" ಎಂದು ಅವರು ಕೂಗಿದರು. ಅದು ಮುಟ್ಟುವಷ್ಟರಲ್ಲಿ ಅಗೆಯುವವರು ಪ್ರಿನ್ಸಿಪಾಲರ ಹಿತ್ತಲು ಹೊಕ್ಕು ತುಳಸಿಕಟ್ಟೆಯನ್ನು ದಾಟಿದ್ದರು. ಮಾರನೆಯ ದಿನ ಮೇಡಂ ಪೇಟೆಗೆ ಹೋಗಿ ಒಂದು ಡಜನ್ ಪಾಟಿ ತಂದರು. ಒರಟುತನವೇ, ಆದರೆ ಪರಊರಿನವರೆಂದು ನಾವು ಹೊಟ್ಟೆಗೆ ಹಾಕಿಕೊಂಡೆವು.

ಒಂದು ದಿನ ಅವರು ಸ್ಟಾಫ್ ರೂಮಿನಲ್ಲಿ ಆ ಎಳೆಯ ತುಂಡೊಂದನ್ನು ನನ್ನ ಅಂಗೈ ಮೇಲಿಟ್ಟರು. ಫೋನು, ಮೊಬೈಲು, ಮೈಕು ಎಲ್ಲ ಬಂದರೂ ನಮ್ಮೂರಲ್ಲಿ ಮಾತು ತಡವಾಗಿಯೇ ಮುಟ್ಟುತ್ತದೆ, ಇದೂ ಅಷ್ಟೇ ತಾನೇ ಎಂದು ಕೇಳಿ ನಾನು ಎದ್ದು ಹೋದೆ. ಮರಳಿ ಬರುವ ಹೊತ್ತಿಗೆ ಉತ್ತರ ಬಂತು.

"ಇದ್ರಲ್ಲಿ ಮಾತು ಹೋಗುದಲ್ಲ ಮಾಸ್ಟ್ರೇ, ಬೆಳಕು ಹೋಗುದು. ನಿಮ್ಮ ಊರಲ್ಲಿ ಕಣ್ಣಿಗೆ ಯಾವತ್ತಾದ್ರೂ ತಡ ಆದದ್ದುಂಟಾ? ನಾನು ಗುಡ್ಡದ ಮೇಲೆ ಪರೀಕ್ಷೆ ಮಾಡಿ ನೋಡಿದೆ. ಆ ಕಡೆಯವರು ಹೇಳಿದ್ದು ಆಗಲೇ ಕೇಳ್ತದೆ. ಬೇರೆ ದೇಶಗಳಲ್ಲಿ ಇದ್ರಲ್ಲೇ ಇಬ್ರು ಇಬ್ರು ಕೂತು ಒಟ್ಟಿಗೆ ಸಂಗೀತ ಬಾರಿಸ್ತಾರೆ, ಇವ ಇಲ್ಲಿ, ಅವ ಅಲ್ಲಿ."

ನಾನು ಆ ಎಳೆಯನ್ನು ಬೆಳಕಿಗೆ ಹಿಡಿದು ಕೇಳಿದೆ. "ಇಬ್ಬರೂ ಇಲ್ಲೇ ಇದ್ರ? ಒಬ್ಬರು ಈ ಕ್ವಾಣ್ಯಾಗ, ಒಬ್ಬರು ಆ ಕ್ವಾಣ್ಯಾಗ?"

ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಪಕ್ಕದ ಕೋಣೆಗೆ ಮಾತು ಹೋಗ್ಲಿಕ್ಕೆ ಕಡಲು ದಾಟಿ ಬರಬೇಕಾಗ್ತದೆ. ತಿರುಗಿಸುವ ಯಂತ್ರ ಇರುದು ಆಚೆ ಕಡೆ. ಆದ್ರೂ ಕಣ್ಣು ಮಿಟುಕಿಸುವುದರೊಳಗೆ ಬರ್ತದೆ. ಮೊದಲು ಪಾಸಾಗ್ಲಿ. ಮತ್ತೆ ನೀವು ಹೇಳಿದ ಹಾಗೆ ಒಂದು ಗಂಟೆ ಬಿಟ್ಟುಕೊಡ್ತೇನೆ, ಆಯ್ತಾ?"

ಅಂದಿನಿಂದ ಕಾಲೇಜಿನಲ್ಲಿ ನನ್ನಷ್ಟು ಆ ಪರೀಕ್ಷೆಗಾಗಿ ಕಾದವರು ಬೇರೆ ಯಾರೂ ಇರಲಿಲ್ಲ. ಮುರಗೋಡ ಸಾಹೇಬರಂತೂ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜಾತಿಯವರು, ಉದ್ಘಾಟನೆಯ ಕಲ್ಲನ್ನು ಆಗಲೇ ಕೆತ್ತಿಸಿ ಗ್ರಂಥಾಲಯದ ಗೋಡೆಗೆ ಒರಗಿಸಿದ್ದರು.

ಪರೀಕ್ಷೆ ಬುಧವಾರ ಹನ್ನೊಂದಕ್ಕೆ. ಗ್ರಂಥಾಲಯದಲ್ಲಿ ದೊಡ್ಡ ಪರದೆ, ಮುಂದೆ ಕ್ಯಾಮರಾ, ಮೈಕು. ಫಿಲೋಮಿನಾ ಮೇಡಂ ಗುಡ್ಡದ ಮೇಲಿನ ಶೆಡ್ಡಿನಲ್ಲಿ ಯಂತ್ರದ ದೀಪ ನೋಡಿಕೊಳ್ಳಲು ಹೋದರು. ಮಾತಾಡುವುದಷ್ಟೇ ಅಲ್ಲವೆ, ನೀವೇ ಮಾಡಿ ಎಂದು ನಮಗೆ ಬಿಟ್ಟರು. ಪರದೆಯ ಮೇಲೆ ಕಡಲಾಚೆಯ ವಿಶ್ವವಿದ್ಯಾಲಯದವರು ಕಾಣಿಸಿಕೊಂಡರು, ನಡುವೆ ಪಿಟೀಲು ಹಿಡಿದ ಒಬ್ಬ ಬೆಳ್ಳಿಕೂದಲಿನ ಹೆಂಗಸು. ಮುರಗೋಡ ಸಾಹೇಬರು ಕೋಟು ಸರಿಮಾಡಿಕೊಂಡು, ನಮಸ್ಕಾರ, ನಿಮಗೆ ನಮ್ಮ ದನಿ ಕೇಳಿಸುತ್ತಿದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕೇಳಿ, ಸಭ್ಯಸ್ಥರಾದ್ದರಿಂದ, ಎದ್ದರು. ಅವರ ಹಿಂದೆ ನಾವೆಲ್ಲರೂ ಎದ್ದೆವು. ಕ್ಯಾಂಟೀನಿನಲ್ಲಿ ಗಿರಮಿಟ್ಟು ತಿಂದೆವು, ಚಹಾ ಕುಡಿದೆವು, ಅರ್ಧ ಗಂಟೆಗೆ ಸರಿಯಾಗಿ ಬಂದು ಕೂತೆವು.

ಉತ್ತರ ಬರಲಿಲ್ಲ. ಪರದೆಯ ಮೇಲಿನವರು ನಮ್ಮನ್ನು ಬಹಳ ಹೊತ್ತು ನೋಡಿದರು. ನಾವೂ ನಕ್ಕು ನೋಡಿದೆವು. ಸಾಹೇಬರು ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಎದ್ದೆವು. ಹೀಗೆ ಮೂರು ಸಲ. ಮೂರನೆಯ ಸಲ ಬಂದಾಗ ಆ ಕಡೆ ಖಾಲಿ ಕುರ್ಚಿಗಳಿದ್ದವು.

ಅವರು ಮೂರೂ ಸಲ ಆ ಕ್ಷಣದಲ್ಲೇ ಉತ್ತರ ಕೊಟ್ಟಿದ್ದರು. ಕೇಳಿಸುತ್ತಿದೆ, ಸ್ವಚ್ಛವಾಗಿ ಕೇಳಿಸುತ್ತಿದೆ, ನೀವೆಲ್ಲಿ ಹೋದಿರಿ ಎಂದು ಆ ಯಂತ್ರ ಖಾಲಿ ಗ್ರಂಥಾಲಯಕ್ಕೆ ಹೇಳುತ್ತ ಕೂತಿತ್ತು. ಗುಡ್ಡ ಇಳಿದು ಬಂದ ಮೇಡಂ ಆ ಕಡೆಯವರು ಕಳಿಸಿದ ಟಿಪ್ಪಣಿಯನ್ನು ಓದಿದರು: "ತಂತಿ ಚೆನ್ನಾಗಿದೆ, ಊರಿನಲ್ಲಿ ಯಾರೂ ಇಲ್ಲ." ಓದಿ, ಕುರ್ಚಿ ಹಿಡಿದುಕೊಂಡು ಹೊಟ್ಟೆ ಕುಲುಕುವಂತೆ ನಕ್ಕರು. ಆ ನಗು ನಮಗೆ ಮುಟ್ಟುವ ಹೊತ್ತಿಗೆ ಅವರು ಗಂಭೀರವಾಗಿ ಪತ್ರ ಟೈಪು ಮಾಡುತ್ತಿದ್ದರು, ಹಾಗಾಗಿ ಸಾಹೇಬರಿಗೆ ಇನ್ನಷ್ಟು ಅವಮಾನವಾಯಿತು. ನನಗೆ ಅವಮಾನವಲ್ಲ, ಅಳು ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ತಬಲಾದ ಮೇಲೆ ಬಟ್ಟೆ ಮುಚ್ಚಿ ಕೂತೆ.

ಪತ್ರಕ್ಕೆ ಉತ್ತರ ಬಂತು. ಶನಿವಾರ ಹನ್ನೊಂದಕ್ಕೆ ಇನ್ನೊಂದು ಅವಕಾಶ, ಕೊನೆಯದು. ಈ ಸಲ ಬರೀ ನಮಸ್ಕಾರ ಸಾಲದು. ಆ ಕಡೆಯವರು ಏನಾದರೂ ಕೇಳಿದರೆ ಈ ಕಡೆಯವರು ತಡೆಯದೆ ಉತ್ತರಿಸಬೇಕು, ಹೋಗಿಬರುವ ವೇಗವನ್ನು ಅವರು ಅಳೆಯುತ್ತಾರೆ. ಆಗದಿದ್ದರೆ ಯಂತ್ರ ಬಿಚ್ಚಿಕೊಂಡು ಎರಡನೆಯ ಊರಿಗೆ.

ಎರಡು ದಿನ ಮೇಡಂ ನಮಗೆ ತಡಮಾಡದೆ ಉತ್ತರಿಸುವುದನ್ನು ಕಲಿಸಿದರು. ಗುಡ್ಡದ ಶೆಡ್ಡಿನಲ್ಲಿ ತಾವು ಕೂತು, ಗ್ರಂಥಾಲಯದಲ್ಲಿ ನಮ್ಮನ್ನು ಕೂರಿಸಿ, ಎಳೆಯ ಮೂಲಕ ನಮ್ಮ ಊಟದ ಬಗ್ಗೆ, ಹವೆಯ ಬಗ್ಗೆ ಕೇಳಿದರು. ಕೇಳಿದ ಕೂಡಲೇ ಕಿವಿಗೆ ಬಿದ್ದ ಮಾತಿನಿಂದ ನಮಗೆ ಮೈ ಜುಂ ಎಂದಿತು. ಅಷ್ಟು ಹತ್ತಿರದ ಮಾತನ್ನು ನಾವು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಉತ್ತರ ಮಾತ್ರ ಬಾಯಿಗೆ ಬರಲಿಲ್ಲ. ನಮ್ಮಲ್ಲಿ ಕೇಳಿದ ಕೂಡಲೇ ಉತ್ತರ ಕೊಟ್ಟರೆ ಕೇಳಿಸಿಕೊಂಡೇ ಇಲ್ಲ ಎಂದು ಅರ್ಥ. ಮುರಗೋಡ ಸಾಹೇಬರನ್ನು ಒತ್ತಾಯ ಮಾಡಿ ಕೂಡಲೇ ಹೇಳಿಸಿದರೆ ಬರೀ ನಿಜ ಹೊರಗೆ ಬರತೊಡಗಿತು. ಗ್ರಂಥಾಲಯ ಹೇಗಿದೆ ಎಂದರೆ "ಸೋರ್ತದ್ರಿ" ಎಂದರು. ನೀವು ಏನು ಓದುತ್ತೀರಿ ಎಂದರೆ "ಏನೂ ಓದಂಗಿಲ್ರಿ" ಎಂದರು. ಅವರನ್ನು ಶನಿವಾರ ಹಿಂದಿನ ಸಾಲಿನಲ್ಲಿ ಕೂರಿಸುವುದೆಂದು ಮೇಡಂ ತೀರ್ಮಾನಿಸಿದರು.

"ಹಂಗಾರ ಮುಂದ ಯಾರು ಕೂಡೂದು?" ಎಂದು ಸಾಹೇಬರು ಕೇಳಿ ಎದ್ದು ಹೋದರು.

ಉತ್ತರ ಕೊಟ್ಟವರು ತುಂಗಾಬಾಯಿ. "ನಾ ಕೂಡ್ತೇನಿ. ಮಾತಾಡು ಅಂದ್ರ ಆಗಂಗಿಲ್ಲ. ಹಾಡು ಅಂದ್ರ ನಾ ವಿಚಾರ ಮಾಡಂಗಿಲ್ಲ. ಫಕೀರಪ್ಪಗ ತಬಲಾ ತಗೊಂಡ ಬರ್ಲಿಕ್ಕೆ ಹೇಳ್ರಿ."

ಶನಿವಾರ ಮೇಡಂ ಚಹಾದ ಪಾತ್ರೆಯನ್ನು ಗ್ರಂಥಾಲಯದ ಒಳಗೇ ತರಿಸಿ ಬಾಗಿಲಿಗೆ ಚಿಲಕ ಹಾಕಿದರು. ಈ ಸಲ ಗುಡ್ಡಕ್ಕೆ ಹೋಗಲಿಲ್ಲ, ಪಾಟಿ ಹಿಡಿದು ಕ್ಯಾಮರಾದ ಪಕ್ಕ ನಿಂತರು. ಪಾಟಿಯ ಮೇಲೆ ದೊಡ್ಡ ಅಕ್ಷರದಲ್ಲಿ "ಏಳಬೇಡಿ" ಎಂದು ಬರೆದಿತ್ತು. ಪರದೆ ಬೆಳಗಿತು. ಬೆಳ್ಳಿಕೂದಲಿನ ಹೆಂಗಸು ನಮ್ಮನ್ನೆಲ್ಲ ನೋಡಿ, ಇದ್ದೀರಲ್ಲ ಎಂಬಂತೆ ಹುಬ್ಬೇರಿಸಿ, ಏನೋ ಕೇಳಿದರು. ಹಿಂದಿನ ಸಾಲಿನಲ್ಲಿ ಸಾಹೇಬರು ಎದ್ದೇಳಲು ಹೊರಟರು. ಮೇಡಂ ಪಾಟಿ ಎತ್ತಿ ತೋರಿಸಿದರು. ಯಾರೂ ಉತ್ತರಿಸಲಿಲ್ಲ. ಆ ಹೆಂಗಸು ಪಕ್ಕದವರ ಕಡೆ ತಿರುಗಿ ಏನೋ ಹೇಳುವಂತಿದ್ದರು. ಅಷ್ಟರಲ್ಲಿ ತುಂಗಾಬಾಯಿ ಕೈ ಮಾಡಿ ಅವರ ಪಿಟೀಲನ್ನು ತೋರಿಸಿದರು.

ಅವರು ನಾಲ್ಕು ಸ್ವರ ನುಡಿಸಿದರು. ಅದು ನಮಗೆ ಆ ಕ್ಷಣದಲ್ಲೇ ಕೇಳಿತು. ಬಿಲ್ಲು ತಂತಿಯಿಂದ ಏಳುವ ಮೊದಲೇ ತುಂಗಾಬಾಯಿಯವರ ಬಾಯಿ ತೆರೆಯಿತು. ಅವರು ಹಾಡಿದ್ದು ಅವರ ಮಗ್ಗುಲಲ್ಲೇ ಕೂತ ನನಗೆ ಕೇಳಲಿಲ್ಲ, ಆದರೆ ಕಡಲಾಚೆಯ ಆ ಹೆಂಗಸಿನ ಮುಖ ಅರಳಿದ್ದು ಕಂಡಿತು. ಅವರು ಇನ್ನೂ ನಾಲ್ಕು ಸ್ವರ ಕೊಟ್ಟರು, ಇವರು ಅದನ್ನು ತಿರುಗಿಸಿ ಕೊಟ್ಟರು. ನಾನು ತಾಳದ ಬೆರಳು ನೋಡಿ ಬಾರಿಸಿದೆ. ಕೊಡುವುದು, ತೆಗೆದುಕೊಳ್ಳುವುದು, ಮತ್ತೆ ಕೊಡುವುದು. ಹೀಗೆ ಹತ್ತು ನಿಮಿಷ. ನಿಲ್ಲಿಸಿದ ಕೂಡಲೇ ಆ ಕಡೆಯಿಂದ ಚಪ್ಪಾಳೆ. ಚಪ್ಪಾಳೆ ಹೊಡೆಯುವ ಕೈಗಳನ್ನೂ ಅದರ ಸದ್ದನ್ನೂ ನಾನು ಒಟ್ಟಿಗೆ ಅನುಭವಿಸಿದ್ದು ಜನ್ಮದಲ್ಲಿ ಅದೇ ಮೊದಲು. ಆ ಹೆಂಗಸು ನಕ್ಕು ಏನೋ ಹೇಳಿದರು, ಮೇಡಂ ಪಾಟಿಯ ಮೇಲೆ ಬರೆದು ತೋರಿಸಿದರು: "ಪಾಸು. ಹಾಡು ತಬಲಾ ಎಷ್ಟು ಚೆನ್ನಾಗಿ ಕೂಡಿವೆ ಅಂತಿದ್ದಾರೆ."

ಎಲ್ಲರೂ ಕುಣಿದಾಡಿದರು. ನನಗೆ ಸಂತೋಷದ ಜೊತೆಗೆ ಹೊಟ್ಟೆಕಿಚ್ಚೂ ಆಯಿತು. ಒಂದೇ ಜಮಖಾನೆಯ ಮೇಲೆ ಇಪ್ಪತ್ತನಾಲ್ಕು ವರ್ಷ ಕೂತ ನಮಗೆ ಕೇಳದ ಕೂಟ, ಕಡಲಾಚೆ ಕೂತವರಿಗೆ ಮೊದಲ ದಿನವೇ ಕೇಳಿತಲ್ಲ. ಮೇಡಂ ನನ್ನ ಮುಖ ನೋಡಿದರು. ಪಾಟಿ ಒರೆಸಿ ಬರೆದರು: "ಮೂರು ಗಂಟೆಗೆ ಬನ್ನಿ."

ಮೂರು ಗಂಟೆಗೆ ತುಂಗಾಬಾಯಿ ತಂಬೂರಿ ಹಿಡಿದು ಗ್ರಂಥಾಲಯದಲ್ಲಿ ಕೂತರು. ನಾನು ಪಕ್ಕದ ನಕಾಶೆಗಳ ಕೋಣೆಯಲ್ಲಿ ತಬಲಾ ಇಟ್ಟುಕೊಂಡು, ಕಿವಿಗೆ ಇಯರ್‌ಫೋನು ಹಾಕಿಕೊಂಡು ಕೂತೆ. ನಡುವೆ ಒಂದು ಗೋಡೆ, ಇಲ್ಲವೇ ಒಂದು ಕಡಲು, ಹೇಗೆ ಬೇಕಾದರೂ ಅನ್ನಿ. ಮೊದಲು ತಂಬೂರಿ ಬಂತು. ಆಮೇಲೆ ಅವರ ದನಿ. ಇಷ್ಟು ವರ್ಷ ನನಗೆ ಗೊತ್ತಿದ್ದ ದನಿಯೇ, ಆದರೆ ಈಗ ಅದು ಎತ್ತ ಹೋಗುತ್ತದೆಂದು ನನಗೆ ಮೊದಲೇ ತಿಳಿದಿರಲಿಲ್ಲ, ಪ್ರಾಯಶಃ ಅವರಿಗೂ ತಿಳಿದಿರಲಿಲ್ಲ. ಉಸಿರು ತೆಗೆದುಕೊಳ್ಳುವುದೂ ಕೇಳಿತು. ನೋಡಲು ಬೆರಳಿಲ್ಲದೆ ಬಾರಿಸುವುದು ಕೈ ಬಿಟ್ಟು ಸೈಕಲ್ ಹೊಡೆದಂತಿತ್ತು.

ಕೈ ಕುದುರಿದ ಮೇಲೆ ನಾನು ನನ್ನ ಗಂಟು ಬಿಚ್ಚಿದೆ. ಹನ್ನೊಂದು ವರ್ಷ ಸಾಧಿಸಿದ ಒಂದು ಬಿರುಸಿನ ತುಣುಕನ್ನು ಹೊಡೆದು ತಾಳದ ಮೊದಲ ಮಾತ್ರೆಗೆ ಸರಿಯಾಗಿ ತಂದು ಇಳಿಸಿದೆ. ಕಿವಿ ನಿಗುರಿಸಿದೆ. ತಂಬೂರಿ ಮಾತ್ರ. ಅದಕ್ಕಿಂತ ಕಷ್ಟದ್ದೊಂದು ಹೊಡೆದೆ. ಅವರು ಹಾಡು ಮುಂದುವರಿಸಿದರು, ಅಷ್ಟೇ. ಮೂರನೆಯದನ್ನು ಹೊಡೆದಾಗ ಕಡಲು ದಾಟಿ ತುಂಗಾಬಾಯಿಯವರ ಒಂದು ಸಣ್ಣ "ಹೂಂ" ಬಂತು, ಸಂತೆಯಲ್ಲಿ ಬದನೆಕಾಯಿ ಬೆಲೆ ಕೇಳಿದವರು ಅನ್ನುವಂಥದು. ನನಗೆ ಸಾಕಾಗಿ ಹೋಯಿತು. ಬೆರಳೂ ಸೋತಿದ್ದವು. ಶಾಲೆಯ ಮಕ್ಕಳಿಗೆ ಕಲಿಸುವ ಸಾದಾ ಠೇಕಾ ಹಿಡಿದು ಸುಮ್ಮನೆ ಅವರ ಹಿಂದೆ ನಡೆದೆ. ಅವರ ದನಿ ನಿಧಾನವಾಗಿ ಕೆಳಗಿಳಿಯಿತು, ಎಲ್ಲಿಯೋ ಆಳದಲ್ಲಿ ಒಂದು ಸ್ವರದ ಮೇಲೆ ಹೋಗಿ ನಿಂತಿತು. ಅದನ್ನು ಕೇಳುತ್ತ ಕೇಳುತ್ತ ನನ್ನ ಕೈ ಎರಡು ಮಾತ್ರೆಯಷ್ಟು ಹೊತ್ತು ಗಾಳಿಯಲ್ಲೇ ಉಳಿಯಿತು, ಪೆಟ್ಟು ಬೀಳಲಿಲ್ಲ.

"ಭೇಷ್."

ಕಿವಿಯ ಒಳಗೇ ಬಿತ್ತು. ಬಿಸಿಬಿಸಿಯಾಗಿ. ನಾನು ನಿಲ್ಲಿಸಿಬಿಟ್ಟೆ. ಆ ಕಡೆ ಅವರೂ ಅದೇ ಕ್ಷಣ ನಿಲ್ಲಿಸಿದರು. ಇಬ್ಬರು ಒಟ್ಟಿಗೆ ಸುಮ್ಮನಾಗುವುದು ಎಂದರೇನೆಂದು ನನಗೆ ಆಗಲೇ ಗೊತ್ತಾದದ್ದು.

"ಯಾಕ ನಿಂತ್ರಿ?" ಎಂದರು.

"ನಾ ಅಲ್ಲೆ ಏನೂ ಬಾರಸ್ಲೇ ಇಲ್ಲಲ್ರೀ ಬಾಯಿ" ಎಂದೆ.

"ಅದಕ್ಕ ಭೇಷ್ ಅಂದೆ."

"ಇಷ್ಟು ವರ್ಷ ಅಂದದ್ದು?"

"ಅದಕ್ಕ ಇರಬೇಕು. ನೀವು ಹೊಡೀಲಿಕ್ಕೆ ಹತ್ತಿದ್ರ ನನಗ ಹಾಡಲಿಕ್ಕೆ ಜಾಗಾನ ಉಳಿಯೂದಿಲ್ಲ ಫಕೀರಪ್ಪ."

ಇಪ್ಪತ್ತನಾಲ್ಕು ವರ್ಷದ ಸಾಧನೆ, ಬೆರಳಿನ ಗಂಟು, ಹೆಂಡತಿಯ ನಿದ್ದೆಗೆಡಿಸಿದ ಅಭ್ಯಾಸ ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. ಅಳಬೇಕಿತ್ತು. ಆದರೆ ಹೊಟ್ಟೆಯಿಂದ ನಗು ಎದ್ದಿತು. ಅವರಿಗೂ ಅದೇ ಗಳಿಗೆಗೆ ನಗು ಬಂತು. ಅವರು ನಕ್ಕಿದ್ದಕ್ಕೆ ನಾನು ಇನ್ನಷ್ಟು ನಕ್ಕೆ, ನಾನು ನಕ್ಕಿದ್ದಕ್ಕೆ ಅವರು. ನಮ್ಮೂರಿನಲ್ಲಿ ಒಬ್ಬರ ನಗುವಿಗೆ ಇನ್ನೊಬ್ಬರ ನಗು ತಗುಲಿ ಹತ್ತಿಕೊಂಡದ್ದು ಅದೇ ಮೊದಲು ಎಂದು ನನ್ನ ತಿಳಿವಳಿಕೆ.

ಹೊರಗೆ ಬಂದು ಪಡಸಾಲೆಯ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತ ಕೂತೆವು. ಫಿಲೋಮಿನಾ ಮೇಡಂ ಉಳಿದ ಚಹಾ ತಂದುಕೊಟ್ಟು, ಸಾಹೇಬರ ಕಲ್ಲನ್ನು ಎಲ್ಲಿ ನಿಲ್ಲಿಸಬೇಕೆಂದು ಅಳೆಯಲು ಹೋದರು. ಸ್ವಲ್ಪ ಹೊತ್ತಿಗೆ ನಮ್ಮ ಹಾಡು ಹಳೆಯ ದಾರಿಯಿಂದ, ಗೋಡೆಯ ಮೂಲಕ, ನಮ್ಮನ್ನು ಹುಡುಕಿಕೊಂಡು ಬಂತು. ಅವರ ಹಾಡು ನನಗೆ, ನನ್ನ ತಬಲಾ ಅವರಿಗೆ. ಅವರಿಗೆ ನನ್ನ ಬಿರುಸಿನ ತುಣುಕುಗಳು ಒಂದರ ಹಿಂದೊಂದು ಮುಟ್ಟುತ್ತಿದ್ದದ್ದು ಅವರ ಹುಬ್ಬಿನಲ್ಲೇ ಕಾಣುತ್ತಿತ್ತು. ನಾನು ಚಹಾದ ಬಟ್ಟಲಿನಲ್ಲಿ ಮುಖ ಇಟ್ಟೆ. ಆಮೇಲೆ ಅವರ ದನಿ ಕೆಳಗಿಳಿದು ನಿಂತಿತು. ನನ್ನ ಕಿವಿಗೆ ಇನ್ನೊಮ್ಮೆ ಭೇಷ್ ಬಿತ್ತು. ಆಮೇಲೆ ಅವರ ನಗು ನನಗೆ, ನನ್ನ ನಗು ಅವರಿಗೆ ಬಂದು ಮುಟ್ಟಿತು, ನಾವು ಮತ್ತೆ ನಕ್ಕೆವು.

ತುಂಗಾಬಾಯಿ ಬಟ್ಟಲು ಕೆಳಗಿಟ್ಟು, ಸೆರಗು ಹೊದ್ದು, ನನ್ನ ಕಡೆ ತಿರುಗಿ ಏನೋ ಹೇಳಿದರು. ಹೇಳಿ, ಕೊಡೆ ತೆಗೆದುಕೊಂಡು ಬಸ್ ನಿಲ್ದಾಣದ ಕಡೆ ಹೊರಟರು. ಅವರು ಗೇಟು ದಾಟುವುದನ್ನು, ಬಾವಿಯ ತಿರುವಿನಲ್ಲಿ ಮರೆಯಾಗುವುದನ್ನು ನೋಡುತ್ತ ನಾನು ಕೂತೆ. ಅಷ್ಟು ಬೇಗ ಎಲ್ಲ ಕೇಳಿದ ದಿನ ಆ ಕಾಲು ಗಂಟೆ ಬಹಳ ಉದ್ದವಾಯಿತು. ಕೊನೆಗೆ ಮುಟ್ಟಿತು.

"ನಿವೃತ್ತಿ ಆದ ಮ್ಯಾಲೂ ಶನಿವಾರಕ್ಕೊಮ್ಮೆ ಬಂದು ಈ ಕ್ವಾಣ್ಯಾಗ ಕೂಡ್ತೇನಿ. ಮಗ್ಗಲ ಕ್ವಾಣ್ಯಾಗ ನೀವೂ ತಬಲಾ ತಗೊಂಡ ಕೂಡ್ರಿ. ಬಾರಸೂದು ಸ್ವಲ್ಪ ಕಡಿಮಿ ಮಾಡ್ರಿ."

ಆಗಲಿ ಎಂದು ನಾನು ಖಾಲಿ ರಸ್ತೆಗೆ ಹೇಳಿದೆ. ಅವರಿಗೆ ಅದು ಬಸ್ಸಿನ ಕಿಟಕಿಯಲ್ಲಿ ಮುಟ್ಟಿರಬೇಕು.